ಖಾಲಿ ಕೊಡಬಾರದೆಂದು ಇಟ್ಟುಕೊಂಡ ಡಬ್ಬಿ

“ಅಕ್ಕಾರ, ನೀವು ಎಷ್ಟು ದೂರದ ತನಕಾ ಹೋಗ್ತೀರಿ, ಅದನ್ನೊಂದು ಹೇಳಿಬಿಡ್ರಿ. ಬರಕೊಂಡು ಫೋನ್ ಇಡತೀನಿ.”

ಹೀಗೆ ಕೇಳಿದವಳು ಹುಬ್ಬಳ್ಳಿಯ ಒಬ್ಬ ಮ್ಯಾನೇಜರ್ ಹುಡುಗಿ. ಕೇಳಿಸಿಕೊಂಡವಳು ಗದಗಿನ ಆಚೆ ಒಂದೂರಲ್ಲಿದ್ದ ಒಬ್ಬ ಹೆಣ್ಣುಮಗಳು. ನೋಡಿ, ನೀವು ಏನನ್ನು ಕಾಯುತ್ತಿದ್ದೀರಿ ಎಂದು ಗೊತ್ತು. ಪ್ರವಚನದಲ್ಲಿ ಕಥೆ ಎಂದರೆ ಒಂದೂರಲ್ಲಿ ಒಬ್ಬ ಶ್ರೀಮಂತ ಇರಬೇಕು, ಅವನ ಬಾಗಿಲಿಗೆ ಒಬ್ಬ ಭಿಕ್ಷುಕ ಬರಬೇಕು. ಇವತ್ತು ಆ ಶ್ರೀಮಂತನಿಗೆ ರಜೆ ಕೊಡೋಣ. ಪಾಪ, ಎಷ್ಟು ವರ್ಷದಿಂದ ನಮ್ಮೆಲ್ಲರ ತಪ್ಪುಗಳನ್ನು ಅವನೊಬ್ಬನೇ ಹೊರುತ್ತಿದ್ದಾನೆ! ಇವತ್ತಿನದು ಶ್ರೀಮಂತರ ಕಥೆಯಲ್ಲ, ಬಡವರ ಕಥೆಯೂ ಅಲ್ಲ. ಬೆಳಗ್ಗೆ ಎದ್ದು ಬಸ್ಸು ಹಿಡಿಯುವವರ ಕಥೆ.

ಅವಳಿಗೆ ಹೆಸರು ಬೇಕೇ? ಮಹಾನಂದಾ ಎನ್ನೋಣ. ಊರಿನ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ನಾಲ್ಕು ಜನ ನಾಳೆಯೇ ಹೋಗಿ ಅವಳ ಮನೆ ಯಾವುದೆಂದು ಹುಡುಕುತ್ತೀರಿ.

ಮಹಾನಂದಾಳ ಗಂಡ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ವರ್ಗವಾಗಿ ಆ ಊರಿಗೆ ಬಂದರು, ಒಂದು ಓಣಿಯಲ್ಲಿ ಮನೆ ಮಾಡಿದರು, ಎರಡು ವರ್ಷಕ್ಕೆ ಅವನು ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡ. ಒಬ್ಬಳೇ ಮಗಳು ಮದುವೆಯಾಗಿ ಸಾಂಗ್ಲಿಗೆ ಹೋದಳು. ಉಳಿದದ್ದು ಮೂರು ಕೋಣೆಯ ಮನೆ, ಒಂದು ಬೀಗ, ಎರಡು ಬೀಗದಕೈ. ಒಂದು ಅವಳ ಕೈಚೀಲದಲ್ಲಿ. ಇನ್ನೊಂದನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಮನೆಯ ಒಳಗೇ ಒಂದು ಮೊಳೆಗೆ ತೂಗುಹಾಕಿದ್ದಳು. ನಗಬೇಡಿ. ಬೀಗದಕೈ ಕಳೆದುಹೋದರೆ ಇನ್ನೊಂದು ಇರಲಿ ಎಂದು ಮಾಡಿಸಿದ್ದು, ಬೀಗದ ಒಳಗೇ ಸಿಕ್ಕಿಕೊಂಡು ಕುಳಿತಿತ್ತು.

ಅವಳ ಕೆಲಸ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿ ಮಾರುವುದು. ಅಂಗಡಿಯಲ್ಲಿ ಕುಳಿತಲ್ಲ, ಬಾಗಿಲು ಬಾಗಿಲು ತಿರುಗಿಯೂ ಅಲ್ಲ. ಮನೆಪಾರ್ಟಿ ಎಂದು ಒಂದಿದೆ. ಅಕ್ಕಂದಿರಿಗೆ ಗೊತ್ತು, ಅಣ್ಣಂದಿರಿಗಾಗಿ ಹೇಳುತ್ತೇನೆ. ಒಬ್ಬ ಗೃಹಿಣಿ ತನ್ನ ಓಣಿಯ ಹತ್ತು ಹೆಂಗಸರನ್ನು ಮನೆಗೆ ಕರೆಯುತ್ತಾಳೆ. ಚಹಾ, ಚೂಡಾ, ಒಂದಿಷ್ಟು ಆಟ. ನಡುವೆ ಮಹಾನಂದಾ ಎರಡು ದೊಡ್ಡ ಚೀಲ ಬಿಚ್ಚಿ ಕುಳಿತುಕೊಳ್ಳುತ್ತಾಳೆ. ಡಬ್ಬಿಗೆ ನೀರು ತುಂಬಿ, ಮುಚ್ಚಳ ಒತ್ತಿ, ಬೋರಲು ಮಾಡಿ ಮನೆಯೊಡತಿಯ ತಲೆಯ ಮೇಲೆಯೇ ಹಿಡಿದು ಅಲ್ಲಾಡಿಸುತ್ತಾಳೆ. ಒಂದು ಹನಿ ಬಿದ್ದರೆ ಕೇಳಿ! ಹೆಂಗಸರೆಲ್ಲ ಕಿರುಚಿ ನಗುತ್ತಾರೆ. ಪಾರ್ಟಿ ಮುಗಿಯುವುದರೊಳಗೆ ಬಂದವರಲ್ಲಿ ಇಬ್ಬರಾದರೂ “ಮುಂದಿಂದು ನಮ್ಮ ಮನ್ಯಾಗ ಮಾಡೂಣ್ರೀ” ಎನ್ನಬೇಕು. ಆ ಕೆಲಸದ ಜೀವವೇ ಅದು. ಒಂದು ಪಾರ್ಟಿ ಇನ್ನೊಂದು ಪಾರ್ಟಿಯನ್ನು ಹೆರಬೇಕು.

ಹೆರಿಗೆ ಎಲ್ಲಿಯೋ ಸೂಲಗಿತ್ತಿ ಅಲ್ಲಿ. ಗದಗಿನಲ್ಲಿ ಕುಳಿತು ನಕ್ಕವಳ ತಂಗಿ ಕೊಪ್ಪಳದಲ್ಲಿದ್ದಳು. ಕೊಪ್ಪಳದ ತಂಗಿಯ ನೆಗೆಣ್ಣಿ ಗಂಗಾವತಿಯಲ್ಲಿದ್ದಳು. ಹೀಗೆ ಮನೆ ಹಿಡಿದು ಮನೆ, ಊರು ಹಿಡಿದು ಊರು, ಆರು ವರ್ಷ. ಮೊದಲು ಬಸ್ಸಿನಲ್ಲಿ ಒಂದು ತಾಸು, ಆಮೇಲೆ ಎರಡು, ಆಮೇಲೆ ಮೂರು. ಗಂಗಾವತಿಯಲ್ಲಿ ಯಾರ ಗಂಡನಿಗೆ ಉಳ್ಳಾಗಡ್ಡಿ ಆಗುವುದಿಲ್ಲ, ಕೊಪ್ಪಳದಲ್ಲಿ ಯಾರ ಮಗಳಿಗೆ ಗಂಡು ಗೊತ್ತಾಗಿದೆ, ಎಲ್ಲವೂ ಅವಳ ಬಾಯಲ್ಲಿ.

ದೂರ ಹೋದಷ್ಟೂ ಅವಳಿಗೆ ಹಗುರವಾಗುತ್ತಿತ್ತು. ಏಕೆ ಹೇಳಿ? ಅಷ್ಟು ದೂರದಿಂದ ಬಂದವಳೆಂದು ಬಾಗಿಲಲ್ಲೇ ಒಬ್ಬರು ಚೀಲ ಇಸಿದುಕೊಳ್ಳುತ್ತಿದ್ದರು, ಒಬ್ಬರು ತಂಬಿಗೆ ನೀರು ಕೊಡುತ್ತಿದ್ದರು. “ಉಂಡ ಬಂದೀರೇನ್ರೀ ಅಕ್ಕಾರ?” ಎಂದು ಕೇಳುತ್ತಿದ್ದರು. ಉಂಡಿರೇನು! ಮೂರು ತಾಸು ಬಸ್ಸಿನಲ್ಲಿ ಅಲುಗಾಡಿ ಹೋಗುತ್ತಿದ್ದದ್ದು ಡಬ್ಬಿ ಮಾರಲಿಕ್ಕೋ, ಆ ಒಂದು ಮಾತು ಕೇಳಲಿಕ್ಕೋ, ಅವಳಿಗೇ ತಿಳಿಯದು.

ಆಮೇಲೆ ಅವರು ಕೇಳುತ್ತಿದ್ದರು, “ಮನ್ಯಾಗ ಯಾರ್ಯಾರು ಅದೀರ್ರೀ?”

“ಎಲ್ಲಾರೂ ಅದೀವ್ರೀ,” ಎನ್ನುತ್ತಿದ್ದಳು ಮಹಾನಂದಾ.

ಎಲ್ಲರೂ ಎಂದರೆ ಅವಳೊಬ್ಬಳೇ.

ಈಗ ಡಬ್ಬಿ ಕಂಪನಿಯ ಆ ಮ್ಯಾನೇಜರ್ ಹುಡುಗಿ ಫೋನಿನಲ್ಲಿ ಹೇಳುತ್ತಿದ್ದದ್ದು ಸಿಂಧನೂರಿನ ಮಾತು. ಐದು ತಾಸಿನ ದಾರಿ. ದಿನಾ ಹೋಗಿಬರುವಂಥದ್ದಲ್ಲ. ವಾರಕ್ಕೆ ನಾಲ್ಕು ದಿನ ಅಲ್ಲಿಯೇ ಒಂದು ಕೋಣೆ ಹಿಡಿದು ಇರಬೇಕು. ಅಲ್ಲಿಂದ ಮಾನ್ವಿ, ರಾಯಚೂರು, ಇಡೀ ಲೈನು ಇವಳದೇ. ಗ್ರೂಪ್ ಲೀಡರ್ ಎಂಬ ಪಟ್ಟ ಬೇರೆ.

“ಆ ಕಡೆ ಯಾರೂ ಹೋಗಾಕ ಒಲ್ರೀ ಅಕ್ಕಾರ. ಒಬ್ಬಾಕಿಗೆ ಅತ್ತಿ ಅದಾಳ, ಒಬ್ಬಾಕಿಗೆ ಸಾಲಿ ಹುಡುಗರು ಅದಾರ. ನಿಮಗ ಏನೂ ಅಡೆತಡಿ ಇಲ್ಲಲ್ಲ, ಅದಕ್ಕ ನಿಮ್ಮನ್ನ ಕೇಳತೀನಿ.”

ಆ ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಅಂದಳು. ಆದರೆ ನೋಡಿ, ಕೆಲವು ಮಾತು ಒಳ್ಳೆಯ ಮನಸ್ಸಿನಿಂದ ಬಂದರೂ ಮುಳ್ಳಿನ ಹಾಗೆ ಚುಚ್ಚುತ್ತವೆ. ಅಡೆತಡೆ ಇಲ್ಲ! ಅಡ್ಡ ನಿಂತು “ಬ್ಯಾಡ, ಅಷ್ಟ ದೂರ ಹೋಗಬ್ಯಾಡ” ಎನ್ನುವ ಒಬ್ಬರಾದರೂ ಇರುವುದು ಭಾಗ್ಯವೋ, ಅಲ್ಲವೋ? ಮಹಾನಂದಾಗೆ ಆ ಭಾಗ್ಯ ಇರಲಿಲ್ಲ.

“ಒಂದ ವಾರ ಟೈಮ್ ಕೊಡು,” ಎಂದಳು.

“ಆತ್ರೀ. ಆದ್ರ ಒಂದು ಫಾರ್ಮ್ ಕಳಸ್ತೀನಿ, ಲೀಡರ್ ಆಗಬೇಕಂದ್ರ ಅದು ಬೇಕಽ ಬೇಕು. ನಿಮ್ಮ ಸ್ವಂತ ಮನ್ಯಾಗ ಒಂದ ಪಾರ್ಟಿ ಮಾಡಬೇಕು. ನಿಮ್ಮ ಓಣಿಯವರು ಹತ್ತ ಮಂದಿ. ಹೆಸರು ಬರದು, ಒಂದ ಫೋಟೋ ತಗದು ಕಳಸ್ರಿ. ನಿಮಗೇನ್ರೀ ಅಕ್ಕಾರ, ಹತ್ತ ಹೆಸರು ಚುಟಕಿ ಹೊಡದಂಗ.”

ಮಹಾನಂದಾ ಫಾರ್ಮ್ ಎದುರಿಗಿಟ್ಟುಕೊಂಡು ಕುಳಿತಳು. ಒಂದು, ಎರಡು, ಮೂರು ಎಂದು ಹತ್ತು ಗೆರೆ. ಪೆನ್ನು ಕೈಯಲ್ಲಿ. ಒಂದನೆಯ ಗೆರೆಯಲ್ಲಿ ‘ಶಾವಂತ್ರೆವ್ವ’ ಎಂದು ಬರೆದಳು. ಬರೆದು, ಹೊಡೆದುಹಾಕಿದಳು. ಎದುರು ಮನೆಯವಳ ಮುಖ ಗೊತ್ತು, ಹೆಸರು ಗೊತ್ತಿಲ್ಲ. ಕೊನೆಯ ಮನೆಯಲ್ಲಿ ಒಬ್ಬಾಕೆ ಕುಂಟುತ್ತ ನೀರು ತರುತ್ತಿದ್ದಳು, ಯಾವಾಗಿನಿಂದ ಕುಂಟುತ್ತಿದ್ದಾಳೆ? ಗೊತ್ತಿಲ್ಲ. ನಾಲ್ಕು ಜಿಲ್ಲೆಯ ನಾನೂರು ಹೆಂಗಸರ ಹೆಸರು ಬಾಯಿಪಾಠ ಇದ್ದವಳಿಗೆ ತನ್ನ ಓಣಿಯಲ್ಲಿ ಒಂದು ಗೆರೆ ತುಂಬಲಿಲ್ಲ.

ಶಾವಂತ್ರೆವ್ವನ ಹೆಸರು ಬರೆದು ಹೊಡೆದದ್ದು ಏಕೆ? ಅದಕ್ಕೊಂದು ಡಬ್ಬಿಯ ಕಥೆಯಿದೆ.

ಶಾವಂತ್ರೆವ್ವ ಎಡಗಡೆಯ ಪಕ್ಕದ ಮನೆಯವಳು. ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ, ಐವತ್ತೈದರ ಹೆಂಗಸು, ಅವಳೂ ಒಂಟಿ. ಹೋದ ವರ್ಷ ನಾಗರಪಂಚಮಿಯ ದಿನ ಮಹಾನಂದಾ ಗಂಗಾವತಿಯಿಂದ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದರೆ ಗೇಟಿಗೆ ಒಂದು ಬಟ್ಟೆಚೀಲ ಸಿಕ್ಕಿಸಿತ್ತು. ಒಳಗೆ ಒಂದು ಸ್ಟೀಲ್ ಡಬ್ಬಿ. ಡಬ್ಬಿಯ ತುಂಬ ಶೇಂಗಾ ಉಂಡಿ, ತಂಬಿಟ್ಟು, ಎಳ್ಳುಂಡಿ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿ ಕೊರೆದ ಹೆಸರು, ಶಾವಂತ್ರೆವ್ವ. ಮಹಾನಂದಾ ದಿನಕ್ಕೊಂದು ಉಂಡಿಯಂತೆ, ಮುಗಿಯಬಾರದೆಂದು ಎಣಿಸಿ ಎಣಿಸಿ ತಿಂದಳು. ಹನ್ನೊಂದನೆಯ ದಿನ ಡಬ್ಬಿ ತೊಳೆದು ಹಲಗೆಯ ಮೇಲೆ ಬೋರಲು ಹಾಕಿದಳು.

ಈಗ ನೀವೇ ಹೇಳಿ ತಾಯಂದಿರೇ, ನಮ್ಮಲ್ಲಿ ತಿನಿಸು ಬಂದ ಪಾತ್ರೆಯನ್ನು ಖಾಲಿ ತಿರುಗಿಸುತ್ತೇವೆಯೇ? ಇಲ್ಲ. ಒಂದು ಚಮಚ ಸಕ್ಕರೆಯಾದರೂ ಹಾಕುತ್ತೇವೆ. ಮಹಾನಂದಾ ಸಂಸ್ಕಾರವಂತೆ. ಐತವಾರ ಏನಾದರೂ ಮಾಡಿ ಕೊಡುತ್ತೇನೆ ಎಂದುಕೊಂಡಳು. ಐತವಾರ ಡಬ್ಬಿಗಳ ಆರ್ಡರ್ ಜೋಡಿಸುವುದರಲ್ಲಿ ಹೋಯಿತು. ದಸರೆಗೆ ಕೊಡೋಣ ಎಂದಳು. ದಸರೆ ಕೊಪ್ಪಳದಲ್ಲಿ ಕಳೆಯಿತು. ಇಲ್ಲಿ ಒಂದು ವಿಚಿತ್ರ ನೋಡಿ. ಹದಿನೈದು ದಿನದಲ್ಲಿ ಕೊಟ್ಟಿದ್ದರೆ ಒಂದು ಮುಷ್ಟಿ ಸಕ್ಕರೆ ಸಾಕಾಗಿತ್ತು. ದೀಪಾವಳಿಗೆ ಚಕ್ಕಲಿಯಾದರೂ ಬೇಕು ಎನ್ನಿಸಿತು. ಎಳ್ಳಮಾಸೆ ಕಳೆದ ಮೇಲೆ ಚಕ್ಕಲಿ ಕೊಟ್ಟರೆ ಏನೆಂದುಕೊಂಡಾಳು, ಕರಿಗಡಬು ಮಾಡಬೇಕು. ಯುಗಾದಿಯ ಹೊತ್ತಿಗೆ ಹೋಳಿಗೆಗಿಂತ ಕಡಿಮೆ ನಡೆಯುವಂತಿರಲಿಲ್ಲ. ತಡವಾದಷ್ಟೂ ತಿನಿಸು ದೊಡ್ಡದಾಯಿತು, ತಿನಿಸು ದೊಡ್ಡದಾದಷ್ಟೂ ಮತ್ತೆ ತಡವಾಯಿತು. ಕಡೆಗೆ ಶಾವಂತ್ರೆವ್ವನ ಕಣ್ಣಿಗೆ ಬೀಳುವುದೇ ಬೇಡವೆಂದು ಮಹಾನಂದಾ ಹಿತ್ತಲ ಸಂದಿಯಿಂದ ಬಸ್‌ಸ್ಟ್ಯಾಂಡಿಗೆ ಹೋಗತೊಡಗಿದಳು. ಒಂದು ಖಾಲಿ ಡಬ್ಬಿಗೆ ಹೆದರಿ!

ಇನ್ನು ಹದಿನೈದು ದಿನಕ್ಕೆ ಮತ್ತೆ ಪಂಚಮಿ ಎನ್ನುವಾಗ ಈ ಫಾರ್ಮ್ ಬಂತು.

ಶನಿವಾರ ಮಹಾನಂದಾ ಸೀರೆ ಬದಲಿಸಿ, ಕುಂಕುಮದ ಬಟ್ಟಲು ಹಿಡಿದು ಹೊರಟಳು. ಅವಳೇ ಊರೂರಿನಲ್ಲಿ ಕಲಿಸುತ್ತಿದ್ದ ಪಾಠ ಅದು: “ಫೋನಿನ್ಯಾಗ ಕರೀಬ್ಯಾಡ್ರಿ. ಬಾಗಲಕ್ಕ ಹೋಗಿ ಕರೀರಿ.” ಮೊದಲನೆಯದು ಬಲಗಡೆಯ ಪಕ್ಕದ ಮನೆ. ಬಾಗಿಲು ತೆರೆದವಳು ಮೂವತ್ತರ ಒಳಗಿನ ಹುಡುಗಿ, ತಲೆಯ ಮೇಲೆ ಸೆರಗು, ಕೈಯಲ್ಲಿ ಹಿಟ್ಟು.

“ಗಣತಿಗೆ ಬಂದೀರೇನ್ರೀ?” ಎಂದಳು. “ಹೋದ ವಾರ ಒಬ್ಬರು ಬರಕೊಂಡು ಹೋದ್ರಲ್ರೀ.”

“ಗಣತಿ ಅಲ್ಲವಾ. ನಾ ಇಲ್ಲೇ ಪಕ್ಕದ ಮನಿ.”

“ಹೌದ್ರೀ? ಆ ಮನ್ಯಾಗ ಮಂದಿ ಅದಾರೇನ್ರೀ! ಬೀಗ ನೋಡಿ ನಾವು ಖಾಲಿ ಐತಿ ಅನಕೊಂಡಿದ್ವಿ. ಮಾಲಕರನ್ನ ಕೇಳಬೇಕು ಅಂತಿದ್ರು ನಮ್ಮನಿಯವರು, ನಮ್ಮದು ಸಣ್ಣದಾಕ್ಕೈತಿ ಅಂತ.” ನಾಲಗೆ ಕಚ್ಚಿಕೊಂಡಳು. “ತಪ್ಪ ತಿಳಕೋಬ್ಯಾಡ್ರಿ. ನಾವು ಬಂದು ಎಂಟ ತಿಂಗಳಾತ್ರೀ, ಇಲ್ಲಿ ಯಾರೂ ಗೊತ್ತಿಲ್ಲ ನಮಗ. ನಮ್ಮದು ಸಿಂಧನೂರು.”

ಸಿಂಧನೂರು! ಮಹಾನಂದಾಳ ಕಿವಿ ನೆಟ್ಟಗಾಯಿತು.

“ಸಿಂಧನೂರಾಗ ನಿಮ್ಮವರು ಯಾರದಾರ?”

“ಅಕ್ಕ ಅದಾಳ್ರಿ, ಚಿಗವ್ವ ಅದಾಳ. ಒಳಗ ಬರ್ರೆಲ್ಲ, ಚಾ ಇಡತೀನಿ.”

“ಚಾ ಇರಲಿ. ನಿಮ್ಮ ಅಕ್ಕಂದು ನಂಬರ್ ಕೊಡು ನೋಡೂಣು.”

ಹುಡುಗಿ ಹಿಟ್ಟಿನ ಕೈಯಿಂದಲೇ ಫೋನು ತೆಗೆದು ಅಕ್ಕನ ನಂಬರ್ ಹೇಳಿದಳು. ಅಕ್ಕನ ಹೆಸರು ಹೇಳಿದಳು, ಅಕ್ಕನ ಓಣಿ ಹೇಳಿದಳು. ಮಹಾನಂದಾ ನಿಂತಲ್ಲೇ ಬರೆದುಕೊಂಡಳು. ನಾಳೆ ಮೂರು ಗಂಟೆಗೆ ಪಾರ್ಟಿಗೆ ಬಾ ಎಂದು ಕುಂಕುಮದ ಬಟ್ಟಲನ್ನು ಅವಳ ಮುಂದೆಯೂ ಒಂದು ಸಲ ಹಿಡಿದು, ಹುಡುಗಿ “ನಮ್ಮೊಳಗ ಕುಂಕುಮ ಹಚ್ಚೂದಿಲ್ರೀ” ಎಂದು ನಾಚಿಕೊಂಡಾಗ ಹಿಂದೆ ತೆಗೆದುಕೊಂಡು, ಮುಂದಿನ ಮನೆಗೆ ಹೋದಳು. ಐದು ತಾಸಿನ ದಾರಿಯಲ್ಲಿದ್ದ ಅಕ್ಕನ ಹೆಸರು ಚೀಟಿಯ ಮೇಲೆ ಬಂತು. ಗೋಡೆಗೆ ಗೋಡೆ ಇದ್ದ ತಂಗಿಯ ಹೆಸರು? ಕೇಳಲೇ ಇಲ್ಲ. ಏನು ಕಳೆಯಿತೆಂದು ಅವಳಿಗೆ ತಿಳಿಯಲೂ ಇಲ್ಲ.

ಹೀಗೆ ಹತ್ತು ಮನೆ ಕರೆದಳು. “ನೋಡೂಣ್ರೀ” ಎಂದರು. “ಆದ್ರ ಬರತೀವ್ರೀ” ಎಂದರು. ಯಾರೂ ಒರಟಾಗಿ ಆಡಲಿಲ್ಲ. ಪರವೂರಿನವರ ಜೊತೆ ಆಡುವ ಹಾಗೆ ಮರ್ಯಾದೆಯಿಂದ ಆಡಿದರು. ಶಾವಂತ್ರೆವ್ವನ ಮನೆಯೊಂದನ್ನು ಮಾತ್ರ ದಾಟಿ ಹೋದಳು.

ಐತವಾರ ಮೂರು ಗಂಟೆ. ಜಮಖಾನೆ ಹಾಸಿತ್ತು. ಚೂಡಾ ತಟ್ಟೆಗೆ ಹಾಕಿತ್ತು. ಹನ್ನೆರಡು ಕಪ್ಪು ಬೋರಲಾಗಿ ಸಾಲಿನಲ್ಲಿದ್ದವು. ಬಣ್ಣಬಣ್ಣದ ಡಬ್ಬಿಗಳನ್ನು ದೊಡ್ಡದರ ಪಕ್ಕ ಸಣ್ಣದು ಜೋಡಿಸಿ, ನೀರು ತುಂಬಿ ತೋರಿಸುವ ಡಬ್ಬಿಗೆ ಮೊದಲೇ ನೀರು ತುಂಬಿ, ಬಾಗಿಲು ತೆರೆದಿಟ್ಟು ಮಹಾನಂದಾ ಕುಳಿತಳು. ಮೂರೂವರೆ. ಹೊರಗೆ ಚಪ್ಪಲಿ ಸಪ್ಪಳವಾದರೆ ಎದ್ದು ನಿಲ್ಲುವಳು, ಸಪ್ಪಳ ಮುಂದೆ ಹೋಗುವುದು. ನಾಲ್ಕಾಯಿತು. ಕೈ ಸುಮ್ಮನಿರಲಾರದೆ ನೀರಿನ ಡಬ್ಬಿಯ ಮುಚ್ಚಳ ಒತ್ತಿ, ಬೋರಲು ಮಾಡಿ, ಖಾಲಿ ಜಮಖಾನೆಯ ಮೇಲೆ ಹಿಡಿದು ಅಲ್ಲಾಡಿಸಿದಳು. ಒಂದು ಹನಿ ಬೀಳಲಿಲ್ಲ. ಕಿರುಚುವವರು ಯಾರೂ ಇರಲಿಲ್ಲ.

ನಾಲ್ಕೂಕಾಲಿಗೆ ಎದ್ದು ಕಪ್ಪುಗಳನ್ನು ತಿರುಗಿ ಹಲಗೆಯ ಮೇಲಿಡಲು ಹೋದಳು. ಕೈ ಸ್ಟೀಲ್ ಡಬ್ಬಿಗೆ ತಾಗಿತು. ಚುಕ್ಕಿ ಚುಕ್ಕಿ ಹೆಸರು. ಎಷ್ಟೋ ಹೊತ್ತು ಅದನ್ನೇ ನೋಡುತ್ತ ನಿಂತಳು. ಆಮೇಲೆ ಏನು ಹಾಕಲೆಂದು ಹುಡುಕಲಿಲ್ಲ, ಹೋಳಿಗೆಯ ಯೋಚನೆ ಮಾಡಲಿಲ್ಲ. ಖಾಲಿ ಡಬ್ಬಿ ಹಿಡಿದುಕೊಂಡು ಪಕ್ಕದ ಮನೆಗೆ ಹೋದಳು.

ಶಾವಂತ್ರೆವ್ವ ಕಟ್ಟೆಯ ಮೇಲೆ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

“ಬಾ. ನಿಂತ್ಯಾಕ? ಕೂಡು.”

“ಡಬ್ಬಿ ತಂದೀನ್ರೀ. ನಿಮ್ಮದು.” ಮಹಾನಂದಾಳ ದನಿ ಇಳಿಯಿತು. “ಖಾಲಿ ಐತ್ರೀ.”

ಶಾವಂತ್ರೆವ್ವ ಡಬ್ಬಿಗೆ ಕೈ ಚಾಚಲಿಲ್ಲ. “ನನಗ್ಯಾಕ ಕೊಡತಿ?”

“ನಿಮ್ಮ ಹೆಸರೈತಲ್ರೀ ಮ್ಯಾಲ.”

“ಹೆಸರು ನಂದು. ಡಬ್ಬಿ ಓಣಿದು.”

ಮಹಾನಂದಾಗೆ ತಿಳಿಯಲಿಲ್ಲ. ಶಾವಂತ್ರೆವ್ವ ಸೊಪ್ಪಿನ ಕಟ್ಟು ಬದಿಗಿಟ್ಟಳು.

“ನಮ್ಮತ್ತಿ ಕಾಲದಾಗಿಂದ ಐತಿ ಈ ರೂಢಿ, ಹಳೇ ಡಬ್ಬಿ ಒಡದ ಮ್ಯಾಲ ನನ್ನದು ತಿರಗತೈತಿ. ಹನ್ನೆರಡು ಮನಿ. ಒಂದ ಮನ್ಯಾಗಿಂದ ಮುಂದಿನ ಮನಿಗೆ ಹೋಗತಿರತೈತಿ, ಕಡೀ ಮನಿ ಮುಟ್ಟಿ ಹೊಳ್ಳಿ ಬರತೈತಿ. ಬಂದದ್ದು ತಿನ್ನೂದು, ತೊಳೆಯೂದು, ಮನ್ಯಾಗ ಏನಿರತೈತಿ ಒಂದ ಮುಷ್ಟಿ ಹಾಕಿ ಮುಂದ ದಾಟಸೂದು. ಕೊಟ್ಟವರಿಗೆ ತಿರುಗಿ ಕೊಡೂದಲ್ಲ ಅದು. ನಿನ್ನ ಬಲಕ್ಕ ಐತಲ್ಲ ಮನಿ, ಅಲ್ಲಿಗೆ ಹೋಗಬೇಕಿತ್ತು.”

ಮಹಾನಂದಾ ಕಟ್ಟೆಯ ಮೇಲೆ ಕುಳಿತೇಬಿಟ್ಟಳು. “ಹನ್ನೊಂದ ತಿಂಗಳು ನನ್ನ ಹಲಗಿ ಮ್ಯಾಲ ಇತ್ತಲ್ರೀ!”

“ಗೊತ್ತು. ಇಡೀ ಓಣಿಗೆ ಗೊತ್ತು.”

“ಒಂದ ಮಾತು ಕೇಳಬಾರದಾಗಿತ್ತೇನ್ರೀ?”

“ಕೇಳಿ ಇಸಗೊಳ್ಳೂವಂಥಾ ಡಬ್ಬಿ ಅಲ್ಲ ನಮ್ಮವ್ವಾ ಅದು. ನಂದೂ ತಪ್ಪೈತಿ. ಇಷ್ಟ ವರ್ಷ ಬೀಗ ನೋಡಿ ನಿನ್ನ ಮನಿ ದಾಟಿಸಿ ಒಯ್ಯತಿದ್ವಿ, ಹೋದ ವರ್ಷ ಮೊದಲನೇ ಸಲ ನಿನಗ ತಂದೆ. ಕೈಯಾಗ ಕೊಟ್ಟು, ಹಿಂಗ ಹಿಂಗ ಅಂತ ಹೇಳಬೇಕಿತ್ತು. ಮೂರ ಸಲ ಬಂದೆ. ಮೂರೂ ಸಲ ನಿನ್ನ ಬೀಗಕ್ಕ ಶರಣು ಮಾಡಿ ಹೊಳ್ಳಿ ಬಂದೆ. ಉಂಡಿ ಒಣಗತಾವು ಅಂತ ಗೇಟಿಗೆ ಸಿಗಿಸಿದೆ.”

ಮಹಾನಂದಾ ಮುಚ್ಚಳದ ಚುಕ್ಕಿಗಳ ಮೇಲೆ ಬೆರಳಾಡಿಸಿದಳು.

“ಡಬ್ಬಿ ತಿರಗತಿದ್ರ ಸುದ್ದಿ ತಿರಗತಿತ್ತು,” ಎಂದಳು ಶಾವಂತ್ರೆವ್ವ. “ಕಡೀ ಮನಿ ಗುರುಬಾಳವ್ವ ಕಾಲು ಮುರಕೊಂಡು ಎರಡ ತಿಂಗಳು ಹಾಸಿಗಿ ಹಿಡದಿದ್ಲು. ಡಬ್ಬಿ ಕೊಡಾಕ ಹೋದವರಿಗೆ ಗೊತ್ತಾಕ್ಕಿತ್ತು. ಅಕಿ ಕುಂಟಕೋತ ಹೊರಗ ಬಂದ ಮ್ಯಾಲ ಗೊತ್ತಾತು ನಮಗ. ನಾನಽ ನೋಡು, ಮುನ್ನೂರು ಹುಡುಗರಿಗೆ ಉಣ್ಣಾಕ ಹಾಕಿ ಬರತೀನಿ. ಮನಿಗೆ ಬಂದ್ರ ‘ಉಂಡ್ಯೇನು?’ ಅಂತ ನನ್ನ ಕೇಳಾಕ ಒಂದು ನರಪಿಳ್ಳಿ ಇಲ್ಲ. ಡಬ್ಬಿ ಬಂದ ದಿವಸ ಕೇಳತಿದ್ರು.”

ಅದೇ ಒಂದು ಮಾತಿಗಾಗಿ ಮಹಾನಂದಾ ಗಂಗಾವತಿಯವರೆಗೆ ಹೋಗುತ್ತಿದ್ದಳು. ಅದೇ ಮಾತಿಗಾಗಿ ಗೋಡೆಯ ಆಚೆ ಇನ್ನೊಬ್ಬಳು ಕಾಯುತ್ತಿದ್ದಳು.

“ಇವತ್ತ ಪಾರ್ಟಿಗೆ ಯಾಕ ಬರಲಿಲ್ರೀ?” ಎಂದಳು ಕಡೆಗೆ.

“ಕರದಿ ಏನು?”

ಮಹಾನಂದಾ ಡಬ್ಬಿಯನ್ನು ಮಡಿಲಲ್ಲಿ ತಿರುಗಿಸುತ್ತ ಕೇಳಿದಳು, “ಬಲಗಡೆ ಮನಿ ಹುಡುಗಿ ಹೆಸರೇನ್ರೀ?”

“ನನ್ನ ಕೇಳತಿ? ನನಗೂ ಗೊತ್ತಿಲ್ಲ. ಡಬ್ಬಿ ನಿಂತ ಮ್ಯಾಲ ಬಂದಾಕಿ ಅಕಿ.”

ಮರುದಿನ ಹುಬ್ಬಳ್ಳಿಯಿಂದ ಫೋನು ಬಂತು. “ಏನಾತ್ರೀ ಅಕ್ಕಾರ, ಹತ್ತ ಹೆಸರು?”

“ಒಂದೂ ಆಗಲಿಲ್ಲವಾ.”

“ಹಂಗಂದ್ರ ಸಿಂಧನೂರ ಲೈನ್ ಸಿಗೂದಿಲ್ರೀ.”

“ಸಿಗೂದು ಬ್ಯಾಡ. ನೀ ಅವತ್ತ ಕೇಳಿದ್ಯಲ್ಲ, ಎಷ್ಟ ದೂರ ಹೋಗ್ತೀರಿ ಅಂತ. ಬರಕೋ. ಡಬ್ಬಿ ನನ್ನ ಮನಿಗೆ ಬಂದ ದಿವಸ ನಾ ಮನ್ಯಾಗ ಸಿಗೂವಷ್ಟು ದೂರ.”

“ಯಾವ ಡಬ್ಬಿ? ಅದು ಎಷ್ಟ ಕಿಲೋಮೀಟರ್ ಆತ್ರೀ?”

“ಕೊಪ್ಪಳ ಅಂತ ಬರಕೋ ತಂಗಿ. ಅಲ್ಲಿಂದ ಮುಂದ ಬ್ಯಾಡ. ಐತವಾರ, ಮಂಗಳವಾರ ಎಲ್ಲಿಗೂ ಬ್ಯಾಡ, ಮನ್ಯಾಗ ಇರತೀನಿ.”

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸುತ್ತೇನೆ. ಒಂದು ಚೂರು ಉಳಿದಿದೆ, ಆಮೇಲೆ ಹೇಳುತ್ತೇನೆ. ಈಗ ನಿಮ್ಮ ಕಡೆ ತಿರುಗಬೇಕು.

ಹೊಟ್ಟೆಪಾಡಿಗೆ ದೂರ ಹೋಗುವುದು ತಪ್ಪೇ? ಅಲ್ಲ. ಯಾರೂ ಹಾಗೆಂದು ತಿಳಿದು ಮನೆಗೆ ಹೋಗಬೇಡಿ, ನಾಳೆ ಸೊಸೆಯನ್ನು ಕೆಲಸ ಬಿಡಿಸಬೇಡಿ! ಕಾಯಕಕ್ಕೆ ದೂರವಿಲ್ಲ. ಮಹಾನಂದಾ ಕೆಲಸ ಬಿಡಲಿಲ್ಲ, ಕೊಪ್ಪಳದವರೆಗೆ ಹೋಗುತ್ತಲೇ ಇದ್ದಳು. ಅವಳ ತಪ್ಪು ದೂರ ಹೋದದ್ದಲ್ಲ. ಹಾಗಾದರೆ ಡಬ್ಬಿ ಇಟ್ಟುಕೊಂಡದ್ದು ತಪ್ಪೇ? ಅದೂ ಪೂರ್ತಿ ಅಲ್ಲ. ಇನ್ನೂ ಚೆನ್ನಾಗಿ ತುಂಬಿ ಕೊಡಬೇಕೆಂದು ತಾನೇ ಇಟ್ಟುಕೊಂಡಳು! ನೋಡಿ, ಕೆಟ್ಟ ಮನಸ್ಸಿನಿಂದ ಮುಚ್ಚಿದ ಬಾಗಿಲು ಕಡಿಮೆ. ಇವತ್ತು ಬೇಡ, ಚೆನ್ನಾಗಿ ತಯಾರಾಗಿ ಹೋಗೋಣ ಎಂದು ಮುಚ್ಚಿದ ಬಾಗಿಲೇ ಹೆಚ್ಚು. ಅತ್ತೆಗೆ ಹುಷಾರಿಲ್ಲದ ಗೆಳತಿಯ ಮನೆಗೆ ಬರಿಗೈಯಲ್ಲಿ ಹೇಗೆ ಹೋಗುವುದು ಎಂದು ಒಂದು ವಾರ ತಡೆದಿರಿ. ಅತ್ತೆ ಗುಣವಾದರು, ಇನ್ನು ಹೋದರೆ ಏನೆಂದುಕೊಂಡಾರು ಎಂದು ಒಂದು ತಿಂಗಳು. ಈಗ ಅವಳನ್ನು ಪೇಟೆಯಲ್ಲಿ ಕಂಡರೆ ಸಂದಿ ಹಿಡಿಯುತ್ತೀರಿ. ಹೌದೋ ಅಲ್ಲವೋ?

ಇನ್ನೊಂದು ಮಾತು. ನಾವು ದೇವರಿಗೂ ಹೀಗೆಯೇ ಮಾಡುತ್ತೇವೆ. ಅವನು ಏನೇನು ಕೊಟ್ಟ! ಅದನ್ನು ತಿರುಗಿ ಅವನಿಗೇ ಕೊಡಬೇಕು, ದೊಡ್ಡದಾಗಿ ಕೊಡಬೇಕು ಎಂದು ಹಲಗೆಯ ಮೇಲೆ ಇಟ್ಟುಕೊಂಡು ಕುಳಿತಿರುತ್ತೇವೆ. ಮುಚ್ಚಳದ ಮೇಲೆ ಅವನ ಹೆಸರಿದೆ, ನಿಜ. ಆದರೆ ಅವನಿಗೆ ತಿರುಗಿ ಬೇಕಾಗಿಲ್ಲ. ನಮ್ಮ ಹಿರಿಯರು ದಾಸೋಹ ಎಂದರಲ್ಲ, ಅದರ ಅರ್ಥ ಶಾವಂತ್ರೆವ್ವನ ಕಟ್ಟೆಯ ಮೇಲೇ ಇದೆ: ಕೊಟ್ಟವನಿಗೆ ಅಲ್ಲ, ಮುಂದಿನ ಮನೆಗೆ. ನೀವು ಇಟ್ಟುಕೊಂಡ ಕಡೆ ಅದು ನಿಲ್ಲುತ್ತದೆ. ನಿಂತ ಕಡೆಯಿಂದ ಮುಂದೆ ಎಷ್ಟು ಮನೆ ಕತ್ತಲಾದವೋ ನಿಮಗೆ ಗೊತ್ತೂ ಆಗುವುದಿಲ್ಲ.

ಆದ್ದರಿಂದ ನಾಳೆ ಬೆಳಗ್ಗೆ ಎದ್ದು ಮೊದಲು ಅಡುಗೆಮನೆಯ ಹಲಗೆ ನೋಡಿ. ಬೇರೆಯವರ ಪಾತ್ರೆ ಎಷ್ಟಿವೆ? ಗಂಡಸರು ನಗಬೇಡಿ, ನಿಮ್ಮ ಅಟ್ಟದ ಮೇಲೂ ಯಾರದೋ ಏಣಿ, ಯಾರದೋ ಗರಗಸ ಇದೆ. ಸಂಜೆಯೊಳಗೆ ಒಂದನ್ನಾದರೂ ತೆಗೆದುಕೊಂಡು ಹೋಗಿ. ಹೋಳಿಗೆಗೆ ಕಾಯಬೇಡಿ, ಒಂದು ಮುಷ್ಟಿ ಪುಠಾಣಿ, ಅದೇ ಹುರಿಗಡಲೆ, ಸಾಕು. ಅದೂ ಇಲ್ಲವೇ, ಖಾಲಿಯೇ ಹೋಗಿ, ನಿಮ್ಮನ್ನು ನೀವು ಹೊತ್ತುಕೊಂಡು ಹೋಗಿ. ಮನೆಗೆ ಇನ್ನೊಂದು ಬೀಗದಕೈ ಇದ್ದರೆ ಗೋಡೆಯ ಆಚೆಯವರಿಗೆ ಕೊಡಿ. ಮಹಾನಂದಾಳ ಮೊಳೆ ಈಗ ಖಾಲಿ, ಆ ಬೀಗದಕೈ ಶಾವಂತ್ರೆವ್ವನ ಸೊಂಟದಲ್ಲಿದೆ. ಗೇಟಿಗೆ ಸಿಕ್ಕಿಸಿ ಬರಬೇಡಿ, ಕೈಯಲ್ಲಿ ಕೊಡಿ. ಕೊಡುವಾಗ “ಉಂಡ್ರೇನು?” ಎಂದು ಕೇಳಿ. ಉತ್ತರ ಬರುವವರೆಗೆ ನಿಲ್ಲಿ. ಮೊದಲು ಹೆಸರು ಕೇಳಿ. ಅವರ ಅಕ್ಕನದಲ್ಲ, ಅವರದು.

ಆ ಉಳಿದ ಚೂರು ಇಷ್ಟೇ.

ಮಂಗಳವಾರ ಸಂಜೆ ಮಹಾನಂದಾ ಸ್ಟೀಲ್ ಡಬ್ಬಿಗೆ ಎರಡು ಮುಷ್ಟಿ ಪುಠಾಣಿ, ಒಂದು ತುಂಡು ಬೆಲ್ಲ ಹಾಕಿಕೊಂಡು ಬಲಗಡೆಯ ಮನೆಗೆ ಹೋದಳು. ಬಾಗಿಲಿಗೆ ಬೀಗ. ತುಂತುರು ಮಳೆ ಬಂದು ನಿಂತು ಮೆಟ್ಟಿಲು ಇನ್ನೂ ಹಸಿಯಾಗಿತ್ತು. ಎದುರು ಮನೆಯವಳು ಬಾಗಿಲಲ್ಲಿ ನಿಂತು ಕೂಗಿದಳು.

“ಸಂತಿಗೆ ಹೋಗ್ಯಾಳ್ರೀ ಅಕಿ. ಬರೂದು ತಡಾ ಆಕ್ಕೈತಿ. ಗೇಟಿಗೆ ಸಿಗಿಸಿ ಹೋಗ್ರೆಲ್ಲ.”

“ಇಲ್ರೀ,” ಎಂದಳು ಮಹಾನಂದಾ. “ಕೂಡತೀನಿ.”

ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬೀಗದ ಕೆಳಗೆ, ಹಸಿ ಮೆಟ್ಟಿಲ ಮೇಲೆ ಕುಳಿತಳು. ಎದುರು ಮನೆಯವಳು ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು. ಆಮೇಲೆ ಒಂದು ಮಣೆ ಹಿಡಿದುಕೊಂಡು ಓಣಿ ದಾಟಿ ಬಂದಳು.